ಲಾ ಕುವೆರ್ತ್ವಾರಾದ್: ಹೊಳೆಯಿಲ್ಲ, ಊಟೆಯಿಲ್ಲ, ಆದರೂ ಎಂಟು ಶತಮಾನದ ಊರು. ಹೇಗೆ?

ನೆಲಜಲ:
ದಕ್ಷಿಣ ಫ್ರಾನ್ಸಿನ ಅವೇರೋಂ ಜಿಲ್ಲೆಯಲ್ಲಿ ಲಾರ್ಜಾಕ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ ಇದೆ. ಅದರ ಮೇಲೆ ಸುಮಾರು 780 ಮೀಟರ್ ಎತ್ತರದಲ್ಲಿ ಲಾ ಕುವೆರ್ತ್ವಾರಾದ್ ಎಂಬ ಪುಟ್ಟ ಕೋಟೆಯೂರು. ಸುತ್ತಲಿನ ಬಿಡಿ ಹಳ್ಳಿಗಳನ್ನು ಸೇರಿಸಿದರೂ ಜನಸಂಖ್ಯೆ ಇನ್ನೂರರ ಆಸುಪಾಸು. ಪ್ರವಾಸದ ಬರಹಗಳಲ್ಲಿ ಇದು ಬರೀ 'ಟೆಂಪ್ಲರ್ ಕೋಟೆ' ಆಗಿ ಮುಗಿದುಹೋಗುತ್ತದೆ. ಕೋಟೆಗಿಂತ ದೊಡ್ಡ ಪ್ರಶ್ನೆ ನೀರಿನದು. ಊರಿಗೆ ಹೊಳೆಯಿಲ್ಲ, ಹತ್ತಿರದಲ್ಲಿ ಒಂದು ಊಟೆಯೂ ಇಲ್ಲ. ಮನೆ ಕಟ್ಟಿದ ಬಗೆ, ಸಾಕಿದ ಪ್ರಾಣಿ, ಮಾರಿದ ಸರಕು, ಕೊನೆಗೆ 1970ರ ದಶಕದ ಭೂಹೋರಾಟದವರೆಗೆ ಎಲ್ಲವನ್ನೂ ನೀರಿನ ಕಡೆಯಿಂದ ನೋಡಿದರೆ ಮಾತ್ರ ಈ ಊರು ಅರ್ಥವಾಗುತ್ತದೆ ಎಂಬುದು ನನ್ನ ವಾದ. ನೆಲ, ಇತಿಹಾಸ, ಕುರಿ, ಗಿಣ್ಣು (ಚೀಸ್) ಇವುಗಳಲ್ಲಿ ಯಾವುದನ್ನಾದರೂ ಸರಿಯಾಗಿ ತಿಳಿದವರು ವಿವರವಾಗಿ ಬರೆಯಿರಿ.

ಸುಣ್ಣಕಲ್ಲು:
ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಲಾರ್ಜಾಕ್‌ನಲ್ಲಿ ಮಳೆ ಕಡಿಮೆಯಿಲ್ಲ. ವರ್ಷಕ್ಕೆ ಸಾವಿರ ಮಿಲಿಮೀಟರಿನ ಹತ್ತಿರ ಬೀಳುತ್ತದೆ, ಚಳಿಗಾಲದಲ್ಲಿ ಹಿಮವೂ ಇದೆ. ಬಿದ್ದ ನೀರು ಮೇಲೆ ನಿಲ್ಲುವುದಿಲ್ಲ, ಅದೇ ತೊಂದರೆ.

ಇದು ಜುರಾಸಿಕ್ ಕಾಲದ ಸುಣ್ಣಕಲ್ಲು ಮತ್ತು ಡಾಲಮೈಟ್ ಪದರಗಳ ನೆಲ. ಫ್ರೆಂಚರು ಇಂಥ ಪ್ರಸ್ಥಭೂಮಿಗಳನ್ನು 'ಕೋಸ್' ಎನ್ನುತ್ತಾರೆ. ಲಾರ್ಜಾಕ್ ಆ ಗುಂಪಿನಲ್ಲೇ ದೊಡ್ಡದು, ಹೆಚ್ಚುಕಡಿಮೆ ಸಾವಿರ ಚದರ ಕಿಲೋಮೀಟರ್. ಮಳೆನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ, ಬಿರುಕುಗಳಲ್ಲಿ ಇಳಿಯುತ್ತ ಸುಣ್ಣವನ್ನು ಕರಗಿಸುತ್ತದೆ. ಲಕ್ಷಾಂತರ ವರ್ಷ ಹೀಗೆ ನಡೆದರೆ ಬಂಡೆಯೊಳಗೆ ಕೊಳವೆಗಳ ಜಾಲವೇ ಏರ್ಪಡುತ್ತದೆ. ಮೇಲೆ ಬಿದ್ದದ್ದು ನೇರವಾಗಿ ಕೆಳಕ್ಕೆ ಹೋಗಿ ನೂರಾರು ಮೀಟರ್ ತಗ್ಗಿನ ಕಣಿವೆಯ ಬುಡದಲ್ಲಿ ಚಿಮ್ಮುತ್ತದೆ. ನಾಂ ಎಂಬ ಊರಿನ ಹತ್ತಿರದ ದುರ್ಜೋಂ ಊಟೆ ಅಂಥದ್ದು, ಇಂದು ಲಾರ್ಜಾಕ್‌ನ ಹಲವು ಹಳ್ಳಿಗಳ ಕುಡಿಯುವ ನೀರು ಅಲ್ಲಿಂದಲೇ ಪಂಪಿನಲ್ಲಿ ಮೇಲೇರುತ್ತದೆ. ಪಂಪು ಬರುವ ಮುಂಚೆ ಆ ನೀರು ಮೇಲಿನವರಿಗೆ ಇದ್ದೂ ಇಲ್ಲದಂತೆ.

ಮೇಲ್ಮೈಯಲ್ಲಿ ಎರಡು ಆಕಾರಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. 'ಸೋಚ್' ಎಂದರೆ ತಟ್ಟೆಯಂತೆ ತಗ್ಗಾದ ಕುಳಿ. ಸುಣ್ಣ ಕರಗಿ ಹೋದ ಮೇಲೆ ಉಳಿಯುವ ಕೆಂಪು ಜೇಡಿಮಣ್ಣು ಅದರ ತಳದಲ್ಲಿ ಸೇರುತ್ತದೆ. ಉಳುವುದಕ್ಕೆ ಯೋಗ್ಯವಾದ ನೆಲ ಹೆಚ್ಚಾಗಿ ಅಷ್ಟೇ. ಧಾನ್ಯ, ಮೇವಿನ ಬೆಳೆ ಎಲ್ಲ ಈ ಕುಳಿಗಳಲ್ಲಿ. 'ಅವೆನ್' ಎಂದರೆ ಬಾಯಿ ತೆರೆದ ಲಂಬ ಪ್ರಪಾತ, ನೇರ ಭೂಗತ ಜಾಲಕ್ಕೆ ದಾರಿ. ಉಳಿದ ಜಾಗವೆಲ್ಲ ಕೆಲವೇ ಅಂಗುಲ ಮಣ್ಣಿನ ಹುಲ್ಲುಗಾವಲು, ಕಲ್ಲು, ಬಾಕ್ಸ್‌ವುಡ್ ಪೊದೆ, ಜುನಿಪರ್. ನೇಗಿಲಿಗೆ ಸಿಗದ ನೆಲದಲ್ಲಿ ಕುರಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಈ ಜಾಲಕ್ಕೆ ಒಂದು ಅಪಾಯದ ಮುಖವೂ ಇದೆ. ಮರಳು, ಮಣ್ಣಿನ ಪದರದಲ್ಲಿ ನಿಧಾನ ಜಿನುಗುವ ನೀರು ಸೋಸಿ ಶುದ್ಧವಾಗುತ್ತದೆ. ಸುಣ್ಣಕಲ್ಲಿನ ಕೊಳವೆಯಲ್ಲಿ ಸೋಸುವಿಕೆ ನಡೆಯುವುದೇ ಇಲ್ಲ. ಹಿಂದೆ ಸತ್ತ ಕುರಿ, ದನಗಳನ್ನು ಅವೆನ್‌ಗಳಿಗೆ ಎಸೆಯುವುದು ರೂಢಿ. ಗುಹಾಶೋಧಕ ಎದುವಾರ್ ಅಲ್‌ಫ್ರೆದ್ ಮಾರ್ತೆಲ್ 1891ರಲ್ಲಿ ಇಂಥ ಒಂದು ಊಟೆಯ ನೀರು ಕುಡಿದು ಕಾಯಿಲೆ ಬಿದ್ದರು. ಮೇಲಿನ ಪ್ರಪಾತದಲ್ಲಿ ಕೊಳೆಯುತ್ತಿದ್ದ ಕರುವೇ ಕಾರಣವೆಂದು ಪತ್ತೆಹಚ್ಚಿ ವರ್ಷಗಟ್ಟಲೆ ಪ್ರಚಾರ ಮಾಡಿದರು. ಅದರ ಫಲವಾಗಿ 1902ರ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಹೆಣ, ಕೊಳಕನ್ನು ಇಂಥ ಕುಳಿಗಳಿಗೆ ಎಸೆಯುವುದಕ್ಕೆ ನಿಷೇಧ ಬಂತು.

ಕೋಟೆಕೊತ್ತಲ:
ಇತಿಹಾಸ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲೇ ಹೆಚ್ಚು ಗೊಂದಲ. ಟೆಂಪ್ಲರ್‌ಗಳು, ಅಂದರೆ ಖಡ್ಗ ಹಿಡಿದ ಸನ್ಯಾಸಿಗಳು, 12ನೇ ಶತಮಾನದ ಮಧ್ಯದಲ್ಲಿ ದಾನದ ಮೂಲಕ ಲಾರ್ಜಾಕ್‌ನಲ್ಲಿ ನೆಲೆಯೂರಿದರು. ಅವರ ಮುಖ್ಯ ಠಾಣೆ ಸೇಂತ್ ಯುಲಾಲಿ ದ ಸೆರ್ನೋಂ. ಲಾ ಕುವೆರ್ತ್ವಾರಾದ್‌ನಲ್ಲಿ ಬಂಡೆಯ ಮೇಲಿನ ಕೋಟೆಯನ್ನು ಅವರು 12ನೇ ಶತಮಾನದ ಕೊನೆ, 13ರ ಆರಂಭದಲ್ಲಿ ಕಟ್ಟಿದರು. ಉದ್ದೇಶ ಯುದ್ಧಕ್ಕಿಂತ ಹೆಚ್ಚಾಗಿ ಜಮೀನುದಾರಿಕೆ: ಕುರಿ, ಕುದುರೆ, ಧಾನ್ಯ, ಉಣ್ಣೆ, ಚರ್ಮದ ಆದಾಯ ಜೆರುಸಲೇಮ್ ಕಡೆಯ ಕಾಳಗಗಳಿಗೆ ಹೋಗುತ್ತಿತ್ತು.

1312ರಲ್ಲಿ ಪೋಪ್ ಆ ಸಂಘವನ್ನು ರದ್ದುಮಾಡಿದಾಗ ಆಸ್ತಿ ಅಂಥದೇ ಇನ್ನೊಂದು ಸನ್ಯಾಸಿ-ಯೋಧರ ಸಂಘವಾದ ಹಾಸ್ಪಿಟಲರ್‌ಗಳಿಗೆ ಸೇರಿತು. ಇಂದು ಊರನ್ನು ಸುತ್ತುವರಿದಿರುವ ಗೋಡೆ, ಬುರುಜುಗಳನ್ನು ಕಟ್ಟಿದವರು ಅವರೇ, 1439ರಿಂದ ಮುಂದೆ. ನೂರು ವರ್ಷದ ಯುದ್ಧದ ಕಾಲದಲ್ಲಿ ಸಂಬಳವಿಲ್ಲದ ಸೈನಿಕರ ತಂಡಗಳು ಹಳ್ಳಿ ಲೂಟಿ ಮಾಡುತ್ತಿದ್ದುದು ಇದಕ್ಕೆ ಕಾರಣ. ಆದ್ದರಿಂದ ಆ ಗೋಡೆಗಳನ್ನು 'ಟೆಂಪ್ಲರ್ ಗೋಡೆ' ಎನ್ನುವುದು ತಪ್ಪು, ಟೆಂಪ್ಲರ್‌ಗಳು ಇಲ್ಲವಾಗಿ ಆಗಲೇ ನೂರಿಪ್ಪತ್ತು ವರ್ಷ ಕಳೆದಿತ್ತು. ಕೋಟೆಯ ಪಕ್ಕದ ಸಂತ ಕ್ರಿಸ್ಟೊಫರ್ ಚರ್ಚೂ 14ನೇ ಶತಮಾನದ್ದು. ಅಲ್ಲಿನ ಸ್ಮಶಾನದ ದುಂಡು ತಲೆಯ ಸಮಾಧಿಕಲ್ಲುಗಳನ್ನು ನೋಡದೆ ಬರಬಾರದು.

ನೀರಿನ ಬಗ್ಗೆ ನೆಲಜಲ ಅವರ ಮಾತಿಗೆ ಇಲ್ಲೊಂದು ಪುರಾವೆ ಸಿಗುತ್ತದೆ: ಗೋಡೆಯೊಳಗೆ ನೀರು ಕೂಡಿಡುವ ತೊಟ್ಟಿ ಇಲ್ಲದಿದ್ದರೆ ಇಂಥ ಕೋಟೆ ಮುತ್ತಿಗೆಯನ್ನು ಕೆಲವು ದಿನವೂ ತಾಳುವುದಿಲ್ಲ.

ಗಾರೆಕೆಲಸ:
ಹಾಗಾದರೆ ಮನೆಗಳ ವಿಚಾರ. ಅಲ್ಲಿನ ಹಳೆಯ ಮನೆಯನ್ನು ಕೆಳಗಿನಿಂದ ಓದಬೇಕು.

ನೆಲಮಟ್ಟದಲ್ಲಿ ಕಲ್ಲಿನ ಕಮಾನು ಚಾವಣಿಯ ಕುರಿದೊಡ್ಡಿ ಅಥವಾ ಉಗ್ರಾಣ. ಹೊರಗಿನ ಕಲ್ಲುಮೆಟ್ಟಿಲು ಹತ್ತಿದರೆ ಜಗಲಿಯಂಥ ಚಿಕ್ಕ ಕಟ್ಟೆ, ಅದರಾಚೆ ಜನ ಇರುವ ಕೋಣೆ. ಕಮಾನಿಗೆ ಕಾರಣ ಅಲಂಕಾರವಲ್ಲ. ಉದ್ದನೆಯ ತೊಲೆ ಕೊಡುವ ಮರ ಪ್ರಸ್ಥಭೂಮಿಯ ಮೇಲೆ ಅಪರೂಪ, ಕಲ್ಲು ಮಾತ್ರ ಧಾರಾಳ. ಹಾಗಾಗಿ ಅಂತಸ್ತನ್ನೂ ಕಲ್ಲೇ ಹೊರಬೇಕು. ಚಳಿಗಾಲದಲ್ಲಿ ಕೆಳಗೆ ಕಟ್ಟಿದ ಹಿಂಡಿನ ಮೈಬಿಸಿ ಮೇಲಿನ ಕೋಣೆಗೆ ಏರುತ್ತಿದ್ದುದು ಹೆಚ್ಚುವರಿ ಲಾಭ.

ಮೇಲೆ ಹೊದಿಕೆ ಕೂಡ ಸುಣ್ಣಕಲ್ಲಿನ ಚಪ್ಪಡಿ, ಅದಕ್ಕೆ 'ಲೋಜ್' ಎನ್ನುತ್ತಾರೆ. ಹೊದಿಸುವ ಕ್ರಮ: ದೊಡ್ಡ, ದಪ್ಪ ಚಪ್ಪಡಿ ಸೂರಿನಂಚಿಗೆ, ಮೇಲೇರಿದಂತೆ ಚಿಕ್ಕವು. ಕೆಳಸಾಲಿನ ಎರಡು ಕಲ್ಲುಗಳ ಸಂದಿಯ ಮೇಲೆ ಮೇಲ್ಸಾಲಿನ ಕಲ್ಲಿನ ನಡುಭಾಗ ಕೂರಬೇಕು, ಇಲ್ಲದಿದ್ದರೆ ಸೋರಿಕೆ ಖಚಿತ. ಇಂಥ ಮಾಡು ಚದರ ಮೀಟರಿಗೆ ನೂರಾರು ಕಿಲೋ ತೂಗುತ್ತದೆ. ಆ ತೂಕ ಕಮಾನಿನ ಮೂಲಕ ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಗೋಡೆ ದಪ್ಪ, ಅಲ್ಲಲ್ಲಿ ಆನಿಕೆಗಂಬ.

ಕೆಡುವುದು ಎಲ್ಲಿ? ಒಂದೆರಡು ಚಪ್ಪಡಿ ಜಾರಿದರೆ ನೀರು ಒಳನುಗ್ಗಿ ಸುಣ್ಣದ ಗಾರೆಯನ್ನು ತೊಳೆಯುತ್ತದೆ. ಚಳಿಯಲ್ಲಿ ಅದೇ ನೀರು ಹೆಪ್ಪುಗಟ್ಟಿ ಹಿಗ್ಗಿ ಸಂದಿಯನ್ನು ಅಗಲಿಸುತ್ತದೆ. ಗೋಡೆಯ ತಲೆ ಹೊರಕ್ಕೆ ವಾಲಿದಂತೆ ಕಮಾನಿನ ನೆತ್ತಿ ಕುಸಿಯುತ್ತದೆ. ಖಾಲಿ ಬಿಟ್ಟ ಮನೆ ಹೀಗೇ ಬೀಳುವುದು. ರಿಪೇರಿಗೆ ಸಿಮೆಂಟ್ ಮೆತ್ತುವವರಿದ್ದಾರೆ, ಅದು ಇನ್ನೂ ಕೆಟ್ಟದ್ದು. ಸಿಮೆಂಟ್ ತೇವವನ್ನು ಹೊರಬಿಡದೆ ಕಲ್ಲಿನೊಳಗೇ ಹಿಡಿದಿಡುತ್ತದೆ, ಕಲ್ಲಿನ ಮುಖ ಪದರಪದರವಾಗಿ ಉದುರುತ್ತದೆ. ಸುಣ್ಣದ ಗಾರೆಯೇ ಆಗಬೇಕು.

ಈಗ ನೀರು. ಮಾಡಿನಂಚಿನ ದೋಣಿಯಿಂದ ಮಳೆನೀರು ಮನೆಯ ಕೆಳಗಿನ ಅಥವಾ ಪಕ್ಕದ ಕಮಾನು ತೊಟ್ಟಿಗೆ ಇಳಿಯುತ್ತಿತ್ತು. ಲೆಕ್ಕ ಸರಳ: 100 ಚದರ ಮೀಟರ್ ಮಾಡಿನ ಮೇಲೆ ಒಂದು ಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್. ಕಲ್ಲು ಹೀರುವುದು, ಆವಿಯಾಗುವುದು, ಹಿಮ ಗಾಳಿಗೆ ಹಾರುವುದು ಕಳೆದರೂ ಒಂದು ಕುಟುಂಬಕ್ಕೆ ಸಾಕು. ಬೇಸಗೆಯ ಮಳೆಯಿಲ್ಲದ ವಾರಗಳನ್ನು ದಾಟುವಷ್ಟು ತೊಟ್ಟಿ ದೊಡ್ಡದಿರಬೇಕು, ಅಷ್ಟೇ.

ಅಗಸೆಬಾಗಿಲು:
ಮನುಷ್ಯರಿಗೆ ತೊಟ್ಟಿ ಸರಿ. ಊರ ಹೊರಗೆ ಕಲ್ಲು ಹಾಸಿದ ದುಂಡನೆಯ ಹೊಂಡ ಇದೆಯಲ್ಲ, ಚಿತ್ರಗಳಲ್ಲಿ ಎಲ್ಲರೂ ತೋರಿಸುವುದು? ಅದೂ ಕುಡಿಯುವ ನೀರಿನದೇ?

ಕುರಿದೊಡ್ಡಿ:
ಅಲ್ಲ, ಅದು ಹಿಂಡಿಗೆ. ಹೆಸರು 'ಲವೋನ್ಯ'. ಲಾರ್ಜಾಕ್ ತುಂಬ ಇವೆ, ಲಾ ಕುವೆರ್ತ್ವಾರಾದ್‌ನದು ಅವುಗಳಲ್ಲಿ ಅಂದವಾದದ್ದು. ಕಟ್ಟುವ ಬಗೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಪ್ರಸ್ಥಭೂಮಿಯ ಬದುಕು ಇದರ ಮೇಲೆ ನಿಂತಿತ್ತು.

ಮೊದಲು ಜಾಗದ ಆಯ್ಕೆ. ಸಹಜವಾಗಿ ತಗ್ಗಾಗಿದ್ದು, ಮೇಲಿನ ಇಳಿಜಾರಿನ ಅಥವಾ ದಾರಿಯ ನೀರು ಹರಿದು ಬರುವ ಕಡೆ. ತಳದಲ್ಲಿ ಜೇಡಿಮಣ್ಣು ಇದ್ದರೆ ಅರ್ಧ ಕೆಲಸ ಮುಗಿದಂತೆ, ಇಲ್ಲದಿದ್ದರೆ ಸೋಚ್‌ನಿಂದ ಹೊತ್ತು ತರಬೇಕು. ಅಗಲವಾದ ಬಾಣಲೆಯ ಆಕಾರಕ್ಕೆ ತೋಡಿ, ಜೇಡಿಯಲ್ಲಿರುವ ಕಲ್ಲುಚೂರು ಆಯ್ದು, ಹದವಾದ ತೇವದಲ್ಲಿ ಪದರಪದರವಾಗಿ ಹರಡಿ ತುಳಿಯಬೇಕು. ಹಿಂಡನ್ನೇ ಹೊಡೆದು ಓಡಾಡಿಸಿ ತುಳಿಸುವುದೂ ಇತ್ತು, ಕುರಿಯ ಸಣ್ಣ ಗೊರಸು ಮಣ್ಣನ್ನು ಚೆನ್ನಾಗಿ ಒತ್ತುತ್ತದೆ. ಅದರ ಮೇಲೆ ಸುಣ್ಣಕಲ್ಲಿನ ಚಪ್ಪಡಿ ಹಾಸು.

ನೀರು ನಿಲ್ಲಿಸುವುದು ಜೇಡಿ, ಚಪ್ಪಡಿಯಲ್ಲ. ಚಪ್ಪಡಿಯ ಕೆಲಸ ಜೇಡಿಯನ್ನು ಗೊರಸಿನಿಂದ ಕಾಯುವುದು. ಕಟ್ಟುವಾಗ ಒತ್ತಿ ಗಟ್ಟಿಮಾಡಿದ ಗೊರಸೇ ನೀರು ತುಂಬಿದ ಮೇಲೆ ಮೆತ್ತಗಾದ ಜೇಡಿಯನ್ನು ತೂತು ಮಾಡುತ್ತದೆ. ಅಂಚಿನ ಇಳಿಜಾರು ಸೌಮ್ಯವಾಗಿರಬೇಕು, ಕಡಿದಾದರೆ ಹಿಂದಿನ ಕುರಿಗಳ ನೂಕುನುಗ್ಗಲಿನಲ್ಲಿ ಮುಂದಿನವು ಜಾರಿ ನೀರಿಗೆ ಬೀಳುತ್ತವೆ.

ಹಾಲು ಕೊಡುವ ಕುರಿ ಒಣಮೇವು ತಿನ್ನುವಾಗ ದಿನಕ್ಕೆ ಆರರಿಂದ ಹತ್ತು ಲೀಟರ್ ಕುಡಿಯುತ್ತದೆ. ಮುನ್ನೂರರ ಹಿಂಡಿಗೆ ಎಂಟು ಲೀಟರಿನಂತೆ ಹಿಡಿದರೂ ದಿನಕ್ಕೆ 2,400 ಲೀಟರ್. ನೀರು ಕಡಿಮೆಯಾದ ಸಂಜೆಗೇ ಹಾಲು ಇಳಿಯುತ್ತದೆ.

ಲವೋನ್ಯ ಕೆಡುವುದು ಹೆಚ್ಚಾಗಿ ಮೂರು ದಾರಿಯಲ್ಲಿ. ಪೂರ್ತಿ ಒಣಗಲು ಬಿಟ್ಟರೆ ಜೇಡಿ ಬಿರಿಯುತ್ತದೆ, ಮುಂದಿನ ಮಳೆ ಬಿರುಕಿನಲ್ಲೇ ಇಂಗಿಹೋಗುತ್ತದೆ. ಅಂಚಿನಲ್ಲಿ ಪೊದೆ ಬೆಳೆದರೆ ಬೇರು ಜೇಡಿಯನ್ನು ಸೀಳುತ್ತದೆ. ಹೂಳು ತೆಗೆಯದಿದ್ದರೆ ಆಳ ಕಡಿಮೆಯಾಗಿ ಬೇಸಗೆಯಲ್ಲಿ ನೀರು ಕಾದು ಪಾಚಿಗಟ್ಟುತ್ತದೆ. ಹೂಳು ತೆಗೆಯುವಾಗ ಗುದ್ದಲಿ ಜೇಡಿಗೆ ತಾಗಿಸಿದರಂತೂ ಮುಗಿಯಿತು, ಹೊಸದಾಗಿ ತುಳಿಯಬೇಕು.

ಇನ್ನೊಂದು ಮಾತು. ದೊಡ್ಡಿಯ ಹಾಸಿಗೆಗೆ ಹುಲ್ಲು ಸಾಲದಿದ್ದಾಗ ಬಾಕ್ಸ್‌ವುಡ್ ಸೊಪ್ಪು ಕಡಿದು ಹಾಸುತ್ತಿದ್ದರು. ಹಿಕ್ಕೆಯೊಂದಿಗೆ ಕೊಳೆತ ಆ ಗೊಬ್ಬರಕ್ಕೆ ಅಲ್ಲಿ 'ಮಿಗೂ' ಎನ್ನುತ್ತಾರೆ. ತಗ್ಗಿನ ಲಾಂಗ್‌ದೋಕ್ ಬಯಲಿನ ದ್ರಾಕ್ಷಿ ತೋಟಗಳಿಗೆ ಅದು ಮಾರಾಟವಾಗುತ್ತಿತ್ತು. ಕುರಿಯಿಂದ ಕೈಗೆ ಬರುತ್ತಿದ್ದುದು ಹಾಲು, ಉಣ್ಣೆ ಅಷ್ಟೇ ಅಲ್ಲ.

ಹೆಪ್ಪುಹಾಲು:
ಹಾಲಿನ ಕಥೆಗೆ ಬರೋಣ, ಆ ಹಾಲು ಹೋಗುವುದು ರೋಕ್‌ಫೋರ್ ಗಿಣ್ಣಿಗೆ. 1411ರಲ್ಲಿ ಆರನೇ ಚಾರ್ಲ್ಸ್ ದೊರೆ ಈ ಗಿಣ್ಣನ್ನು ಹಣ್ಣಾಗಿಸುವ ಹಕ್ಕು ರೋಕ್‌ಫೋರ್ ಊರಿನವರಿಗೆ ಮಾತ್ರ ಎಂದು ಸನ್ನದು ಕೊಟ್ಟ. 1925ರ ಕಾನೂನು ಆ ಹೆಸರಿಗೆ ರಕ್ಷಣೆ ನೀಡಿತು. ಫ್ರಾನ್ಸಿನಲ್ಲಿ ಗಿಣ್ಣೊಂದಕ್ಕೆ ಇಂಥ ರಕ್ಷಣೆ ಸಿಕ್ಕಿದ್ದು ಅದೇ ಮೊದಲು.

ನಿಯಮ ಬಿಗಿ. ಲಕೋನ್ ತಳಿಯ ಕುರಿಯ ಹಾಲೇ ಆಗಬೇಕು, ಹಸಿಯಾಗಿಯೇ ಇರಬೇಕು, ಕೆನೆ ತೆಗೆಯುವಂತಿಲ್ಲ. ಹುಲ್ಲು ಸಿಗುವ ಕಾಲದಲ್ಲಿ ದಿನವೂ ಹಿಂಡು ಹೊರಗೆ ಮೇಯಬೇಕು. ಹೆಚ್ಚಿನ ಕುರಿಗಳು ಚಳಿಗಾಲದ ಆರಂಭದಲ್ಲಿ ಈಯುತ್ತವೆ. ಮರಿ ಸುಮಾರು ಒಂದು ತಿಂಗಳು ತಾಯಿಹಾಲು ಕುಡಿಯುತ್ತದೆ, ಆಮೇಲೆ ಹಾಲು ಡೇರಿಗೆ, ಬೇಸಗೆಯ ನಡುವಿನವರೆಗೆ. ಎಳೆಯ ಮರಿಗಳ ಚರ್ಮ ನಯವಾಗಿರುವುದರಿಂದಲೇ ಹತ್ತಿರದ ಮಿಯೋ ಪಟ್ಟಣ ಕೈಗವಸಿನ ಕಸುಬಿಗೆ ಹೆಸರಾಯಿತು.

ಗಿಣ್ಣು ಮಾಡುವ ಹಂತ: ಹಾಲನ್ನು 28ರಿಂದ 34 ಡಿಗ್ರಿಗೆ ತಂದು ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್, ಜೊತೆಗೆ ಪೆನಿಸಿಲಿಯಂ ರೋಕ್‌ಫೋರ್ಟಿ ಬೂಷ್ಟು ಸೇರಿಸುತ್ತಾರೆ. ಹೆಪ್ಪು ಗಟ್ಟಿದ ಮೇಲೆ ಸಣ್ಣ ತುಂಡು ಮಾಡಿ ಅಚ್ಚಿಗೆ ತುಂಬುತ್ತಾರೆ. ಒತ್ತುವಂತಿಲ್ಲ, ತನ್ನ ತೂಕಕ್ಕೆ ತಾನೇ ಹಾಲೊಡಕು ಸೋರಬೇಕು, ನಡುನಡುವೆ ಮಗುಚಬೇಕು. ಬಳಿಕ ಹರಳುಪ್ಪು ಸವರಿ, ಸೂಜಿಗಳಿಂದ ಮೇಲಿನಿಂದ ಕೆಳಗೆ ಚುಚ್ಚುತ್ತಾರೆ. ಒಂದು ಗಾಲಿ 2.5ರಿಂದ 3 ಕಿಲೋ, ಅಡ್ಡಳತೆ 19–20 ಸೆಂಟಿಮೀಟರ್.

ಚುಚ್ಚುವುದೇಕೆ? ನೀಲಿ ಬೂಷ್ಟಿಗೆ ಗಾಳಿ ಬೇಕು. ಗಿಣ್ಣು ಒತ್ತಾಗಿ ಕೂತಿದ್ದರೆ ಅಥವಾ ಹಾಲೊಡಕು ಸರಿಯಾಗಿ ಸೋರದಿದ್ದರೆ ರಂಧ್ರ ಮುಚ್ಚಿಹೋಗಿ ಒಳಗೆ ಬೆಳ್ಳಗೇ ಉಳಿಯುತ್ತದೆ. ರೋಕ್‌ಫೋರ್ ಊರಿನ ಕೋಂಬಾಲು ಬೆಟ್ಟದ ಒಂದು ಪಕ್ಕ ಕುಸಿದು ಬಂಡೆಗಳ ರಾಶಿಯಾಗಿದೆ, ಅದರ ಬಿರುಕುಗಳಿಂದ ತಂಪಾದ ತೇವದ ಗಾಳಿ ನೆಲಮಾಳಿಗೆಗೆ ಬೀಸುತ್ತಿರುತ್ತದೆ. ಆ ಗಾಳಿಗಂಡಿಗಳಿಗೆ 'ಫ್ಲರೀನ್' ಎಂದು ಹೆಸರು. ಅಲ್ಲಿ ಗಿಣ್ಣು ಎರಡು ವಾರಕ್ಕೆ ಕಡಿಮೆಯಿಲ್ಲದಂತೆ ಹೊದಿಕೆಯಿಲ್ಲದೆ ಕೂರಬೇಕು. ಆಮೇಲೆ ಲೋಹದ ಹಾಳೆ ಸುತ್ತಿ ಇನ್ನೂ ತಣ್ಣಗಿನ ಕೋಣೆಗೆ. ಮಾಡಿದ ದಿನದಿಂದ ಒಟ್ಟು 90 ದಿನ ಕಡ್ಡಾಯ. ಲೋಹದ ಹಾಳೆ ತಡವಾದರೆ ಬೂಷ್ಟು ಮಿತಿಮೀರಿ ಗಿಣ್ಣು ಕಹಿಯಾಗುತ್ತದೆ.

ನೀರನ್ನು ಇಂಗಿಸಿ ಊರನ್ನು ಒಣಗಿಸಿದ ಅದೇ ಸುಣ್ಣಕಲ್ಲಿನ ಬಿರುಕು ಇಲ್ಲಿ ಅನ್ನ ಕೊಡುತ್ತಿದೆ. ನೆಲಜಲ ಅವರ ವಾದಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು.

ನೆಲಜಲ:
ಖಂಡಿತ ಸೇರಿಸಿಕೊಳ್ಳುತ್ತೇನೆ. ಭೂಹೋರಾಟದ ಬಗ್ಗೆ ಯಾರಾದರೂ?

ಹಸಿರುಶಾಲು:
ಲಾ ಕಾವಲ್ರಿ ಊರಿನ ಪಕ್ಕದಲ್ಲಿ 20ನೇ ಶತಮಾನದ ಆರಂಭದಿಂದಲೂ ಸುಮಾರು 3,000 ಹೆಕ್ಟೇರಿನ ಸೇನಾ ಶಿಬಿರ ಇತ್ತು. 1971ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವ ಮಿಶೆಲ್ ದಬ್ರೆ ಅದನ್ನು 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ ಸಾರಿದರು. ಸರ್ಕಾರದ ಕಣ್ಣಿಗೆ ಅದು ನೀರಿಲ್ಲದ ಬರಡು, ಕೆಲವೇ ಕುರಿಗಾಹಿಗಳ ಜಾಗ. ಮೇಲೆ ಬರೆದ ಲವೋನ್ಯ, ಸೋಚ್, ಹಾಲಿನ ಲೆಕ್ಕ ಗೊತ್ತಿಲ್ಲದವರಿಗೆ ಹಾಗೆ ಕಾಣುವುದು ಸಹಜ, ಅನ್ಯಾಯ ಹುಟ್ಟಿದ್ದೂ ಅಲ್ಲೇ.

1972ರ ಮಾರ್ಚ್‌ನಲ್ಲಿ 103 ರೈತರು ಜಮೀನು ಮಾರುವುದಿಲ್ಲವೆಂದು ಪ್ರತಿಜ್ಞೆಗೆ ಸಹಿ ಹಾಕಿದರು. ಆಗಲೇ ಲಾ ಕಾವಲ್ರಿಯಲ್ಲಿ ಹದಿನೈದು ದಿನ ಉಪವಾಸ ಕೂತವರು ಲಾಂಜಾ ದೆಲ್ ವಾಸ್ತೊ. 1930ರ ದಶಕದಲ್ಲಿ ವಾರ್ಧಾದಲ್ಲಿ ಗಾಂಧೀಜಿಯ ಜೊತೆಗಿದ್ದು ಅವರಿಂದ ಶಾಂತಿದಾಸ ಎಂಬ ಹೆಸರು ಪಡೆದವರು. ಅಹಿಂಸೆ ಹೋರಾಟದ ನಿಯಮವಾದದ್ದು ಹೀಗೆ. ಅದೇ ಅಕ್ಟೋಬರ್‌ನಲ್ಲಿ ಅರವತ್ತು ಕುರಿಗಳನ್ನು ಪ್ಯಾರಿಸಿಗೆ ಒಯ್ದು ಐಫೆಲ್ ಗೋಪುರದ ಬುಡದಲ್ಲಿ ಮೇಯಿಸಿದರು. 1973ರ ಜನವರಿಯಲ್ಲಿ ಟ್ರ್ಯಾಕ್ಟರುಗಳು ಪ್ಯಾರಿಸಿಗೆ ಹೊರಟವು.

ಕೆಲಸಕ್ಕೆ ಬಂದ ತಂತ್ರಗಳು ಇನ್ನೂ ಎರಡು. ಒಂದು, ಆಯಕಟ್ಟಿನ ಜಮೀನನ್ನು ಷೇರುಗಳಾಗಿ ಒಡೆದು ದೇಶದ ಸಾವಿರಾರು ಜನರಿಗೆ ಮಾರಿದ್ದು. ವಶಪಡಿಸಿಕೊಳ್ಳುವ ನೋಟಿಸು ಅಷ್ಟೂ ಜನರಿಗೆ ತಲುಪಿಸುವುದು ಕಚೇರಿಗಳಿಗೆ ತಲೆನೋವಾಯಿತು. ಎರಡು, ಲಾ ಬ್ಲಾಕಿಯೇರ್ ಹಳ್ಳಿಯಲ್ಲಿ ಪರವಾನಗಿಯಿಲ್ಲದೆ ದೊಡ್ಡ ಕಲ್ಲಿನ ಕುರಿದೊಡ್ಡಿ ಕಟ್ಟಿದ್ದು, 1973ರಿಂದ 1976ರವರೆಗೆ. ಸ್ವಯಂಸೇವಕರ ಕೈಕೆಲಸ, ತೆರಿಗೆಯ ಶೇಕಡಾ 3ನ್ನು ಸರ್ಕಾರಕ್ಕೆ ಕಟ್ಟದೆ ಇತ್ತ ಕಳಿಸಿದವರ ಹಣ. 1981ರಲ್ಲಿ ಫ್ರಾಂಸ್ವಾ ಮಿತ್ತರಾಂ ಅಧ್ಯಕ್ಷರಾದ ಕೂಡಲೇ ವಿಸ್ತರಣೆ ರದ್ದಾಯಿತು. ಹಳೆಯ ಶಿಬಿರ ಮಾತ್ರ ಹಾಗೇ ಇದೆ.

ನಮ್ಮ ಕಡೆಯ ನಂಟು 1999ರದು. ಆ ವರ್ಷ ಯುರೋಪ್ ಸುತ್ತಿದ ಅಂತರಖಂಡ ರೈತ ಯಾತ್ರೆ ಕಟ್ಟಿದವರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಕರ್ನಾಟಕ ರಾಜ್ಯ ರೈತ ಸಂಘ ಪ್ರಮುಖವಾಗಿತ್ತು. ಜೂನ್‌ನಲ್ಲಿ ಮೊಂಪೆಲಿಯೇ ನಗರದ ಸಂಶೋಧನಾ ಕೇಂದ್ರವೊಂದರ ಕುಲಾಂತರಿ ಭತ್ತದ ಸಸಿಗಳನ್ನು ನಾಶಮಾಡಿದ ಪ್ರತಿಭಟನೆಯಲ್ಲಿ ಲಾರ್ಜಾಕ್‌ನ ರೈತ ಮುಖಂಡ ಜೋಸೆ ಬೋವೆ ಜೊತೆ ಭಾರತದ ರೈತರೂ ಇದ್ದರು. ಎರಡು ತಿಂಗಳ ನಂತರ ಮಿಯೋದಲ್ಲಿ ಮೆಕ್‌ಡೊನಾಲ್ಡ್ಸ್ ಕಟ್ಟಡ ಬಿಚ್ಚಿಹಾಕಿದ್ದಕ್ಕೆ ಕಾರಣ ಅಮೆರಿಕ ರೋಕ್‌ಫೋರ್ ಮೇಲೆ ಹೇರಿದ ಶೇಕಡಾ 100ರ ಸುಂಕ.

ಅಗಸೆಬಾಗಿಲು:
ಸರ್ಕಾರ ಆಗಲೇ ಕೊಂಡಿದ್ದ ಜಮೀನು ಏನಾಯಿತು? ಹರಾಜಾಯಿತೇ?

ಹಸಿರುಶಾಲು:
ಇಲ್ಲ, ಹೋರಾಟದ ನಿಜವಾದ ಗೆಲುವು ಇಲ್ಲಿದೆ ಎನ್ನುತ್ತೇನೆ. ಸುಮಾರು 6,300 ಹೆಕ್ಟೇರನ್ನು 1985ರಲ್ಲಿ ರೈತರದೇ ಒಂದು ಭೂಸಂಸ್ಥೆಗೆ ದೀರ್ಘ ಗುತ್ತಿಗೆ ಕೊಟ್ಟರು. 2013ರಲ್ಲಿ ಅದನ್ನು 2083ರವರೆಗೆ ವಿಸ್ತರಿಸಲಾಯಿತು. ಒಡೆತನ ಸರ್ಕಾರದ್ದು, ಆಡಳಿತ ರೈತರದ್ದು. ಕುಟುಂಬವೊಂದಕ್ಕೆ ನಿವೃತ್ತಿಯವರೆಗೆ ಜಮೀನು, ಮನೆ ಎರಡೂ. ಮಾರುವಂತಿಲ್ಲ, ಮಕ್ಕಳಿಗೆ ಬಿಟ್ಟುಹೋಗುವಂತಿಲ್ಲ. ಬಿಡುವಾಗ ತಾವು ಮಾಡಿದ ಸುಧಾರಣೆಗೆ ಬಳಕೆಯ ಬೆಲೆ ಲೆಕ್ಕಹಾಕಿ ಹೊಸಬರು ಕೊಡುತ್ತಾರೆ, ಜಮೀನಿನ ಮಾರುಕಟ್ಟೆ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಬಂಡವಾಳವಿಲ್ಲದ ಯುವಕರೂ ಹಿಂಡು ಕಟ್ಟಬಹುದು. ಕಷ್ಟವೂ ಇದೆ: ಇಡೀ ಆಯುಷ್ಯ ಕಳೆದ ಮನೆಯನ್ನು ನಿವೃತ್ತಿಯ ದಿನ ಬಿಡಬೇಕು. ಮುಂಚಿನಿಂದಲೇ ಬೇರೆ ಸೂರು ನೋಡಿಕೊಳ್ಳದವರಿಗೆ ಅದು ಭಾರಿ ಪೆಟ್ಟು.

ಕುರಿದೊಡ್ಡಿ:
ಹಿಂಡು ಉಳಿಯುವುದು ನೆಲಕ್ಕೂ ಮುಖ್ಯ. ಮೇಯಿಸುವುದು ನಿಂತ ಕಡೆ ಬಾಕ್ಸ್‌ವುಡ್, ಜುನಿಪರ್, ಪೈನ್ ಹಬ್ಬಿ ಹುಲ್ಲುಗಾವಲು ಮುಚ್ಚುತ್ತದೆ, ಹುಲ್ಲಿನ ನಡುವಿನ ಆರ್ಕಿಡ್‌ಗಳೂ ಹೋಗುತ್ತವೆ. 2011ರಲ್ಲಿ ಯುನೆಸ್ಕೊ ಕೋಸ್ ಮತ್ತು ಪಕ್ಕದ ಸೆವೆನ್ ಬೆಟ್ಟಸೀಮೆಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಇದೇ ಕುರಿಗಾಹಿ ಬದುಕು ರೂಪಿಸಿದ ನೆಲವೆಂಬ ಕಾರಣಕ್ಕೆ. ಸತ್ತ ಕುರಿಗಳ ವಿಷಯ ಮೇಲೆ ಬಂತಲ್ಲ, ಅದಕ್ಕೆ ಈಗಿನ ಉತ್ತರ ರಣಹದ್ದು. 1981ರಿಂದ ಈ ಸೀಮೆಯಲ್ಲಿ ಮತ್ತೆ ಬಿಟ್ಟ ಗ್ರಿಫನ್ ರಣಹದ್ದುಗಳು ಚೆನ್ನಾಗಿ ನೆಲೆಗೊಂಡಿವೆ. ಪರವಾನಗಿ ಪಡೆದ ರೈತರು ಗೊತ್ತುಮಾಡಿದ ಬಯಲಿನಲ್ಲಿ ಹೆಣ ಇಡುತ್ತಾರೆ, ಪ್ರಪಾತಕ್ಕೂ ಬೇಡ, ಹೆಣ ಒಯ್ಯುವ ಲಾರಿಗೂ ಬೇಡ. ತೋಳ ಮರಳಿರುವುದು ಮಾತ್ರ ಸುಲಭಕ್ಕೆ ಬಗೆಹರಿಯದ ಸಮಸ್ಯೆ. ದಿನಕ್ಕೆರಡು ಹೊತ್ತು ಹಾಲು ಕರೆದು, ವಿಸ್ತಾರವಾದ ಬಯಲಿನಲ್ಲಿ ಮೇಯಿಸುವ ಹಿಂಡಿಗೆ ಎತ್ತರದ ಬೇಲಿ, ಕಾವಲು ನಾಯಿ ಎರಡೂ ಪೂರ್ತಿ ಹೊಂದುವುದಿಲ್ಲ.

ಗಾರೆಕೆಲಸ:
ಹೋಗುವವರಿಗೆ ಕೆಲವು ಮಾತು. ಎ75 ಹೆದ್ದಾರಿಯಿಂದ ಲ ಕೈಲಾರ್ ಊರಿನ ಬಳಿ ಇಳಿದು ಬರುವುದು ಸುಲಭ. ಜುಲೈ, ಆಗಸ್ಟ್ ಬಿಟ್ಟು ಮೇ ಅಥವಾ ಜೂನ್ ಆಯ್ದುಕೊಳ್ಳಿ, ಹುಲ್ಲು, ಹೂ, ಹಿಂಡು ಮೂರೂ ಸಿಗುತ್ತವೆ. ಎತ್ತರದ ಬಯಲು, ಗಾಳಿ ಜೋರು, ಬೇಸಗೆಯಲ್ಲೂ ಸಂಜೆಗೆ ಬೆಚ್ಚನೆಯ ಅಂಗಿ ಬೇಕು. ಬೆಟ್ಟದ ಮೇಲೆ ದುರಸ್ತಿ ಮಾಡಿದ ಗಾಳಿಗಿರಣಿ ಇದೆ, ಅಲ್ಲಿಂದ ಇಡೀ ಊರಿನ ಗೋಡೆಯ ಸುತ್ತು ಕಾಣುತ್ತದೆ. ಬಾಗಿಲುಗಳಿಗೆ ಮೊಳೆ ಹೊಡೆದು ತೂಗಿಸಿದ ಸೂರ್ಯನಾಕಾರದ ಒಣ ಮುಳ್ಳುಹೂವು 'ಕಾರ್ದಾಬೆಲ್': ಗಾಳಿಯಲ್ಲಿ ತೇವ ಏರಿದರೆ ಅದರ ದಳದಂಥ ಎಲೆಗಳು ಮುಚ್ಚುತ್ತವೆ, ಮಳೆಯ ಸೂಚನೆ. ಕಾಡಿನಲ್ಲಿ ಕಂಡರೆ ಕೀಳಬೇಡಿ, ಹೀಗೆ ಕಿತ್ತೂ ಕಿತ್ತೂ ಅದು ವಿರಳವಾಗಿದೆ. ಲವೋನ್ಯದೊಳಗೆ ಇಳಿಯುವುದೂ ಬೇಡ. ಅಲುಗಾಡಿದ ಚಪ್ಪಡಿಯ ಕೆಳಗೆ ಜೇಡಿಯೇ ಇರುವುದು.